ಜ್ವರ ಬೇರೆ, ಅಲರ್ಜಿ ಬೇರೆ

2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವದಂತಿಗಳೂ ಹಬ್ಬಿದ್ದವು. ವಿಜಯಪುರದ ಸೊಲ್ಲಾಪುರ ರಸ್ತೆಯಿರಲಿ, ತಿಕೋಟಾ, ಬಬಲೇಶ್ವರಗಳಿರಲಿ, ಹೆತ್ತವರ ಅಳುಕು ಒಂದೇ: "ಸೂಜಿ ಮಾಡಿಸಿದ್ರ ಕೂಸಿಗೆ ಏನರ ಆದ್ರ?" ಈ ಪ್ರಶ್ನೆಗೆ ಗದರಿಕೆಯಲ್ಲ, ಉತ್ತರ ಬೇಕು.

ಲಸಿಕೆಯ ಬಳಿಕ ಬರುವ ಸಣ್ಣ ಜ್ವರ, ಚುಚ್ಚಿದಲ್ಲಿ ಬಾವು ಅಲರ್ಜಿಯಲ್ಲ. ಮೈಮೇಲೆ ಪಿತ್ತಗಂಧೆ, ತುಟಿ ಊತ, ಉಬ್ಬಸ ಥಟ್ಟನೆ ಕಾಣಿಸಿಕೊಂಡರೆ ಅದು ಅಲರ್ಜಿಯಿರಬಹುದು. ತೀವ್ರ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸುಗಳಿಗೆ ಒಂದು. ಹೆಚ್ಚಾಗಿ ಅರ್ಧ ಗಂಟೆಯೊಳಗೇ. ಲಸಿಕೆಯ ನಂತರ 30 ನಿಮಿಷ ಕೂರಿಸುವುದು ಇದಕ್ಕಾಗಿಯೇ. ಕೂಡಲೇ ಕೊಟ್ಟ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ.

ಹಿಂದೆ ಹೀಗಾಗಿದ್ದರೆ ಯಾವ ಲಸಿಕೆ, ಎಷ್ಟು ಹೊತ್ತಿಗೆ, ಏನಾಯಿತು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಮುಂದಿನ ಡೋಸನ್ನು ಅವರು ನಿರ್ಧರಿಸುತ್ತಾರೆ. ಬರೀ ಜ್ವರಕ್ಕೆ ಅಂಜಿ ಲಸಿಕೆ ತಪ್ಪಿಸಬೇಡಿರಿ.