ಗೋವಾ ಕಡಲತೀರ: ಗೌಜಿ ಬೇಕೋ, ನೆಮ್ಮದಿ ಬೇಕೋ?

ಮುಂಬಯಿ: ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಂಡ ಮೇಲೆ ಊರಿಗೆ ಹೋಗಿಬರುವ ಇಲ್ಲಿನ ತುಳು-ಕನ್ನಡಿಗರಿಗೆ ಗೋವಾ ದಾರಿಯಲ್ಲೇ ಸಿಗುತ್ತದೆ. ಮರಳುವಾಗ ಎರಡು ದಿನ ಅಲ್ಲಿ ಇಳಿಯಬಯಸುವ ಕುಟುಂಬಗಳು ಯಾವ ತೀರವೆಂದು ಮೊದಲೇ ನಿರ್ಧರಿಸುವುದು ಒಳಿತು.

ಗೌಜಿ-ಗದ್ದಲವೇ ಬೇಕೆನ್ನುವ ಯುವಕರಿಗೆ ಕಲಂಗುಟ್-ಬಾಗಾ. ತಿವಿಂ ನಿಲ್ದಾಣದಿಂದ ಸುಮಾರು 20 ಕಿ.ಮೀ. ಮರಳ ಮೇಲೆಯೇ ಸಾಲು ಶ್ಯಾಕ್ ಹೋಟೆಲುಗಳು, ಪ್ಯಾರಾಸೈಲಿಂಗ್, ರಾತ್ರಿಯ ಸಂಗೀತ. ಹತ್ತಿರದ ಮಾಪುಸಾದ ಶುಕ್ರವಾರದ ಸಂತೆಯೂ ನೋಡತಕ್ಕದ್ದು. ಆದರೆ ಕ್ರಿಸ್ಮಸ್-ಹೊಸವರ್ಷದ ವಾರ ಕೊಠಡಿ ಬಾಡಿಗೆ ಗಗನಕ್ಕೇರುತ್ತದೆ.

ಜೊತೆಗೆ ಹಿರಿಯರು, ಚಿಕ್ಕ ಮಕ್ಕಳಿದ್ದರೆ ಕಾಣಕೋಣ ನಿಲ್ದಾಣದ ಬಳಿಯ ಅರ್ಧಚಂದ್ರಾಕಾರದ ಪಾಲೊಳೆಂ ವಾಸಿ. ಅಲ್ಲಿ ಅಲೆಗಳ ಅಬ್ಬರ ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶ್ಯಾಕ್‌ಗಳಿರುವುದಿಲ್ಲ, ಕಡಲೂ ಉಗ್ರ. ಬಾಡಿಗೆ ಅಗ್ಗವೆಂದು ಹೋದವರು ನೀರಿಗಿಳಿಯಬಾರದು. ಉಳಿದ ಕಾಲದಲ್ಲೂ ಜೀವರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಬರೀ ಕೆಂಪು ಬಾವುಟವಿದ್ದರೆ ದಡದಲ್ಲೇ ನಿಲ್ಲಬೇಕು. ಸೆಳೆತಕ್ಕೆ ಸಿಕ್ಕವರು ನೇರ ದಡದತ್ತ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಕರಾವಳಿಯಲ್ಲಿ ಹುಟ್ಟಿದವರೆಂಬ ಧೈರ್ಯ ಅಲ್ಲಿ ನಡೆಯದು. ಪ್ರವಾಸ ಹೊರಡುವ ಮುನ್ನ ಈ ಮಾತನ್ನು ಮನೆಯ ಮಕ್ಕಳಿಗೂ ತಿಳಿಹೇಳುವುದು ಅಗತ್ಯ.