ಅಂಕಿತಕ್ಕೆ ಮುನ್ನ ಒಂದು ಪ್ರಶ್ನೆ

ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ಆಡಳಿತದ ಹಗ್ಗವೆಲ್ಲ ಪ್ರಧಾನಿಯ ಕೈಯಲ್ಲಿರುವಾಗ ಆ ದೊಡ್ಡ ಭವನ, ಅಂಗರಕ್ಷಕ ದಳ, ಕುದುರೆ ಸಾರೋಟು ಇವೆಲ್ಲ ಯಾಕೆ? ರಾಷ್ಟ್ರಪತಿ ಎಂದರೆ ರಬ್ಬರ್ ಸ್ಟ್ಯಾಂಪ್ ತಾನೆ? ಪೌರನೀತಿ ಓದುವ ಮಕ್ಕಳು ಮನೆಗೆ ಬಂದು ಇದನ್ನೇ ಕೇಳಿದರೆ ತಂದೆ ತಾಯಿಯರೂ ತಡವರಿಸುತ್ತಾರೆ. ‘ನಾಮಮಾತ್ರ ಮುಖ್ಯಸ್ಥರು’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ನಿಜ. ಆದರೆ ಕಳೆದ ಐವತ್ತು ವರ್ಷಗಳ ಕೆಲವು ಅಂಕಿತಗಳ ಕಥೆ ತಿಳಿದರೆ ಆ ಉತ್ತರ ಅರ್ಧ ಮಾತ್ರ ಎಂಬುದು ಗೊತ್ತಾಗುತ್ತದೆ.

ಹೆಸರು ಒಬ್ಬರದು, ಹೊಣೆ ಇನ್ನೊಬ್ಬರದು

ಸಂವಿಧಾನದ 53ನೇ ವಿಧಿ ಕೇಂದ್ರದ ಕಾರ್ಯಾಂಗದ ಅಧಿಕಾರವನ್ನೆಲ್ಲ ರಾಷ್ಟ್ರಪತಿಗೆ ವಹಿಸಿದೆ. ಸೇನೆಯ ಪರಮೋಚ್ಚ ಅಧಿಪತ್ಯವೂ ಅವರದೇ. ಆದರೆ 74ನೇ ವಿಧಿಗೆ ಬಂದರೆ ಚಿತ್ರ ಬದಲಾಗುತ್ತದೆ. ಪ್ರಧಾನಿಯ ನೇತೃತ್ವದ ಮಂತ್ರಿಮಂಡಲ ಸಲಹೆ ಕೊಡಬೇಕು, ಆ ಸಲಹೆಯಂತೆ ರಾಷ್ಟ್ರಪತಿ ನಡೆಯಬೇಕು. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಕರಡನ್ನು ಮಂಡಿಸಿದ ಡಾ. ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದ್ದರು: ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ರಾಜನ ಸ್ಥಾನದಂಥದು, ಅವರು ರಾಷ್ಟ್ರವನ್ನು ಪ್ರತಿನಿಧಿಸುತ್ತಾರೆ, ಆಳುವುದಿಲ್ಲ.

ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸದಿರುವುದಕ್ಕೂ ಇದೇ ಕಾರಣ. ಇಡೀ ದೇಶದ ಮತ ಪಡೆದು ಬಂದವರು ಪ್ರಧಾನಿಗೆ ಸರಿಸಾಟಿಯಾಗಿ ನಿಲ್ಲಲು ಹೊರಟರೆ ಆಡಳಿತಕ್ಕೆ ಎರಡು ತಲೆಯಾಗುತ್ತದೆ. ಆದ್ದರಿಂದ ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರೇ ಮತದಾರರು. ಶಾಸಕರ ಮತದ ಮೌಲ್ಯಕ್ಕೆ ಆಯಾ ರಾಜ್ಯದ 1971ರ ಜನಸಂಖ್ಯೆ ಆಧಾರ. ಈ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131ರ ಬೆಲೆ. 224 ಶಾಸಕರದು ಸೇರಿದರೆ 29,344.

ಕಾಯದೆ ಹಾಕಿದ ಅಂಕಿತ

ಹಾಗಾದರೆ ರಾಷ್ಟ್ರಪತಿಗೆ ಉಳಿದದ್ದೇನು? ಬ್ರಿಟಿಷ್ ಲೇಖಕ ವಾಲ್ಟರ್ ಬ್ಯಾಜೆಟ್ ರಾಣಿಯ ಸ್ಥಾನವನ್ನು ಕುರಿತು 1867ರಲ್ಲೇ ಮೂರು ಹಕ್ಕುಗಳನ್ನು ಹೇಳಿದ್ದ: ಸರ್ಕಾರ ತನ್ನೊಡನೆ ಸಮಾಲೋಚಿಸಬೇಕೆನ್ನುವ ಹಕ್ಕು, ಉತ್ತೇಜನ ಕೊಡುವ ಹಕ್ಕು, ಎಚ್ಚರಿಸುವ ಹಕ್ಕು. ನಮ್ಮ ಸಂವಿಧಾನದ 78ನೇ ವಿಧಿಯೂ ರಾಷ್ಟ್ರಪತಿ ಕೇಳಿದ ಮಾಹಿತಿ ಒದಗಿಸುವುದು ಪ್ರಧಾನಿಯ ಕರ್ತವ್ಯ ಎನ್ನುತ್ತದೆ. ಅಂದರೆ ಕೇಳುವ ಹಕ್ಕು ಇದೆ. ಅದನ್ನು ಬಳಸದಿದ್ದರೆ ಏನಾದೀತು ಎಂಬುದಕ್ಕೆ 1975ರ ಜೂನ್ 25ರ ರಾತ್ರಿಯೇ ಸಾಕ್ಷಿ.

ಆ ರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯ ಮೇರೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ತುರ್ತು ಪರಿಸ್ಥಿತಿಯ ಘೋಷಣೆಗೆ ಅಂಕಿತ ಹಾಕಿದರು. ಸಂಪುಟ ಸಭೆ ಸೇರಿದ್ದು ಮರುದಿನ ಬೆಳಿಗ್ಗೆ! ಸಂಪುಟದ ತೀರ್ಮಾನ ಬರಲಿ ಎಂದು ರಾಷ್ಟ್ರಪತಿ ಕಾಯಲಿಲ್ಲ. ಇಪ್ಪತ್ತೊಂದು ತಿಂಗಳು ದೇಶ ಅದರ ಫಲ ಉಂಡಿತು. ಈ ನಡುವೆ 1976ರ 42ನೇ ತಿದ್ದುಪಡಿ, ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದು ಬರಹದಲ್ಲೇ ಕಟ್ಟಿಹಾಕಿತು.

ಜತ್ತಿಯವರ ಒಂದು ದಿನ

ಈ ಕಟ್ಟಿನ ಬಿಗಿ ಮೊದಲು ತಟ್ಟಿದ್ದು ಕನ್ನಡಿಗರೊಬ್ಬರಿಗೆ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅವರು ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜಮಖಂಡಿ ತಾಲ್ಲೂಕಿನ ಸಾವಳಗಿಯವರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು.

ಮಾರ್ಚ್‌ನಲ್ಲಿ ಜನತಾ ಪಕ್ಷ ಕೇಂದ್ರದಲ್ಲಿ ಅಧಿಕಾರಕ್ಕೆ ಬಂತು. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳಲ್ಲಿ ಜನ ಆ ಪಕ್ಷವನ್ನು ಲೋಕಸಭಾ ಚುನಾವಣೆಯಲ್ಲಿ ತಿರಸ್ಕರಿಸಿದ್ದರಿಂದ ಅಲ್ಲಿಯ ವಿಧಾನಸಭೆಗಳನ್ನೂ ವಿಸರ್ಜಿಸಬೇಕೆಂದು ಮೊರಾರ್ಜಿ ದೇಸಾಯಿ ಸಂಪುಟ ಸಲಹೆ ಮಾಡಿತು. ಜತ್ತಿಯವರು ಕೂಡಲೇ ಅಂಕಿತ ಹಾಕಲಿಲ್ಲ. ಸಂಪುಟ ಪಟ್ಟು ಹಿಡಿದ ಮೇಲೆ ಏಪ್ರಿಲ್ 30ರಂದು ಹಾಕಿದರು. ಕಾಗದವನ್ನು ಮರುಪರಿಶೀಲನೆಗೆ ಕಳಿಸುವ ಹಕ್ಕು ಆಗಿನ್ನೂ ಸಂವಿಧಾನದ ಬರಹದಲ್ಲಿ ಇರಲಿಲ್ಲ. ಆ ವಿಳಂಬಕ್ಕೆ ಟೀಕೆಯೂ ಬಂತು. ಚುನಾಯಿತ ಸರ್ಕಾರದ ಕೈ ಹಿಡಿಯಲು ಇವರಾರು ಎಂದವರಿದ್ದರು. ಅವಧಿ ಮುಗಿಯದ ಒಂಬತ್ತು ವಿಧಾನಸಭೆಗಳ ಪ್ರಶ್ನೆಗೆ ಒಂದು ದಿನ ಯೋಚಿಸಿದರೆ ತಪ್ಪೇನು ಎಂದು ವಾದಿಸಲೂ ಅವಕಾಶವಿತ್ತು.

ಮರುವರ್ಷ, 1978ರಲ್ಲಿ, 44ನೇ ತಿದ್ದುಪಡಿ ಬಂತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂತಿರುಗಿಸುವ ಹಕ್ಕು ರಾಷ್ಟ್ರಪತಿಗೆ ಸಿಕ್ಕಿತು. ಸಂಪುಟ ಮತ್ತೆ ಅದನ್ನೇ ಹೇಳಿದರೆ ಒಪ್ಪಲೇಬೇಕು. ತುರ್ತು ಪರಿಸ್ಥಿತಿಗೆ ಸಂಪುಟದ ತೀರ್ಮಾನ ಬರಹದಲ್ಲೇ ಬರಬೇಕೆಂಬ ನಿಯಮವೂ ಸೇರಿತು.

ಹಿಂತಿರುಗಿದ ಕಡತ

ಇಲ್ಲಿ ಕರ್ನಾಟಕದ ಇನ್ನೊಂದು ಕಥೆ ಜೋಡಿಸಿಕೊಳ್ಳಬೇಕು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿ ಕಳಿಸಿದರು. ಸದನದಲ್ಲಿ ಬಲ ತೋರಿಸಲು ಅವಕಾಶ ಕೊಡಿ ಎಂಬ ಬೊಮ್ಮಾಯಿಯವರ ಮಾತು ನಡೆಯದೆ ರಾಷ್ಟ್ರಪತಿ ಆಡಳಿತ ಜಾರಿಯಾಯಿತು. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ.

ಮೂರೂವರೆ ವರ್ಷದ ಬಳಿಕ, 1997ರ ಅಕ್ಟೋಬರ್‌ನಲ್ಲಿ, ಉತ್ತರ ಪ್ರದೇಶದಲ್ಲಿ ಕಲ್ಯಾಣ್ ಸಿಂಗ್ ಸದನದಲ್ಲಿ ವಿಶ್ವಾಸಮತ ಗೆದ್ದರು. ಗದ್ದಲದ ನಡುವೆ ಗೆದ್ದದ್ದು ನಿಜ. ಆದರೂ ಐ.ಕೆ. ಗುಜ್ರಾಲ್ ಸಂಪುಟ ಅಲ್ಲಿ ರಾಷ್ಟ್ರಪತಿ ಆಡಳಿತ ಹೇರಲು ಶಿಫಾರಸು ಮಾಡಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಕಡತವನ್ನು ಹಿಂತಿರುಗಿಸಿದರು. ಸಂಪುಟ ಎರಡನೆಯ ಬಾರಿ ಒತ್ತಾಯಿಸಬಹುದಿತ್ತು, ಒತ್ತಾಯಿಸಲಿಲ್ಲ. 1998ರಲ್ಲಿ ವಾಜಪೇಯಿ ಸಂಪುಟ ಬಿಹಾರದ ಬಗ್ಗೆ ಇಂಥದೇ ಸಲಹೆ ಕೊಟ್ಟಾಗಲೂ ನಾರಾಯಣನ್ ಹಾಗೆಯೇ ಮಾಡಿದರು. 1999ರ ಫೆಬ್ರುವರಿಯಲ್ಲಿ ಸಲಹೆ ಮತ್ತೆ ಬಂದಾಗ ಅಂಕಿತ ಹಾಕಿದರು. ಸರ್ಕಾರ ಯಾವ ಪಕ್ಷದ್ದೇ ಇರಲಿ, ಪ್ರಶ್ನೆ ಮಾತ್ರ ಒಂದೇ ಎಂಬುದು ಇಲ್ಲಿ ಗಮನಾರ್ಹ.

ಸಂಸತ್ತು ಒಪ್ಪಿದ ಮಸೂದೆಗಳ ಕತೆಯೂ ಹೀಗೆಯೇ. 111ನೇ ವಿಧಿಯಂತೆ, ಹಣಕಾಸು ಮಸೂದೆ ಬಿಟ್ಟು ಉಳಿದವನ್ನು ಒಮ್ಮೆ ಹಿಂತಿರುಗಿಸಬಹುದು. 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಅಬ್ದುಲ್ ಕಲಾಂ ಹಿಂತಿರುಗಿಸಿದರು. ಸಂಸತ್ತು ಪುನಃ ಅಂಗೀಕರಿಸಿದಾಗ ಒಪ್ಪಿದರು. ಈ ವಿಧಿ ಯಾವ ಗಡುವನ್ನೂ ಹೇಳುವುದಿಲ್ಲ. ಹೀಗಾಗಿ ಜನರ ಪತ್ರಗಳನ್ನು ತಡೆದು ನೋಡಲು ಸರ್ಕಾರಕ್ಕೆ ಅವಕಾಶ ಕೊಡುತ್ತಿದ್ದ 1986ರ ಅಂಚೆ ತಿದ್ದುಪಡಿ ಮಸೂದೆಯನ್ನು ಜೈಲ್ ಸಿಂಗ್ ಒಪ್ಪಲೂ ಇಲ್ಲ, ಹಿಂತಿರುಗಿಸಲೂ ಇಲ್ಲ. ಅದು ಕಾಯಿದೆಯಾಗಲೇ ಇಲ್ಲ.

ಅವಸರದ ಬೆಲೆ

ಪ್ರಶ್ನೆ ಕೇಳುವ ರಾಷ್ಟ್ರಪತಿಯೂ ಒಮ್ಮೊಮ್ಮೆ ಅವಸರಪಡುವುದುಂಟು. 2005ರ ಮೇ ತಿಂಗಳಲ್ಲಿ ಕಲಾಂ ಅವರು ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆ ವಿಸರ್ಜನೆಯ ಕಾಗದ ಅಲ್ಲಿಗೇ ಹೋಯಿತು, ಅಂಕಿತವೂ ಬಿತ್ತು. ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಹೊಸ ಚುನಾವಣೆಯ ಸಿದ್ಧತೆ ನಡೆದಿತ್ತು. ಹಳೆಯ ಸಭೆ ಮರಳಲಿಲ್ಲ.

ಇನ್ನು ಸಲಹೆ ಕೊಡುವವರೇ ಇಲ್ಲದ ಗಳಿಗೆಯೂ ಉಂಟು. ಯಾರಿಗೂ ಬಹುಮತ ಬಾರದಾಗ ಯಾರನ್ನು ಕರೆಯಬೇಕು? ಆರ್. ವೆಂಕಟರಾಮನ್ 1989ರಲ್ಲಿ ಅತಿ ದೊಡ್ಡ ಪಕ್ಷದ ನಾಯಕ ರಾಜೀವ್ ಗಾಂಧಿಯವರನ್ನು ಮೊದಲು ಕೇಳಿದರು. ಅವರು ಒಲ್ಲೆನೆಂದ ಮೇಲೆ ವಿ.ಪಿ. ಸಿಂಗ್ ಸರದಿ. 1996ರಲ್ಲಿ ಶಂಕರ ದಯಾಳ್ ಶರ್ಮಾ ಇದೇ ಸೂತ್ರದಂತೆ ವಾಜಪೇಯಿಯವರನ್ನು ಕರೆದರು. ಸರ್ಕಾರ ಹದಿಮೂರು ದಿನ ನಿಂತಿತು. 1998ರಲ್ಲಿ ನಾರಾಯಣನ್ ಮೊದಲು ಬೆಂಬಲದ ಪತ್ರಗಳನ್ನು ಕೇಳಿದರು.

ಹಾಗಾದರೆ ರಾಷ್ಟ್ರಪತಿಗೆ ಅಧಿಕಾರವಿದೆಯೆ, ಇಲ್ಲವೆ? ತಡೆದು ನಿಲ್ಲಿಸುವ ಅಧಿಕಾರ ಇಲ್ಲ, ಇರಬಾರದು ಕೂಡ. ಮತ ಪಡೆದು ಜನರಿಗೆ ಉತ್ತರ ಹೇಳಬೇಕಾದವರೇ ಆಳಬೇಕು. ಆದರೆ ‘ಇನ್ನೊಮ್ಮೆ ಯೋಚಿಸಿ’ ಎನ್ನುವ ಅಧಿಕಾರ ಇದೆ. ಹಾಗೆ ಅಂದ ಮೇಲೆ ಹೆಜ್ಜೆ ಮುಂದಿಡುವುದೋ ಹಿಂದಿಡುವುದೋ ಸಂಪುಟಕ್ಕೆ ಬಿಟ್ಟದ್ದು. ಆದರೆ ಎರಡನೆಯ ಬಾರಿಗೆ ಅದು ದೇಶದ ಎದುರಿನಲ್ಲಿ ಇಡಬೇಕಾದ ಹೆಜ್ಜೆ. ಮುಂದಿನ ಸಲ ‘ರಾಷ್ಟ್ರಪತಿ ಅಂಕಿತ’ ಎಂಬ ಪುಟ್ಟ ಸುದ್ದಿ ಪತ್ರಿಕೆಯಲ್ಲಿ ಕಂಡಾಗ ವಿದ್ಯಾರ್ಥಿಗಳು ಎರಡು ದಿನಾಂಕ ನೋಡಬೇಕು: ಕಾಗದ ಹೋದದ್ದು ಎಂದು, ಅಂಕಿತ ಬಿದ್ದದ್ದು ಎಂದು. ನಡುವಿನ ದಿನಗಳಲ್ಲಿ ಏನು ನಡೆಯಿತು ಎಂದು ಮನೆಯವರನ್ನೋ ಮೇಷ್ಟರನ್ನೋ ಕೇಳಿದರೆ ಪೌರನೀತಿಯ ಆ ಪಾಠ ಇನ್ನಷ್ಟು ಚೆನ್ನಾಗಿ ಮನದಟ್ಟಾಗುತ್ತದೆ.