ಬೇಟೆಗಾರನ ಕಾಲು

ಕಾಳಿದಾಸನ ಶಾಕುಂತಲ ನಾಟಕದ ಎರಡನೆಯ ಅಂಕವನ್ನು ತರಗತಿಯಲ್ಲಿ ಕಥಾರೂಪವಾಗಿ ಹೇಳುವಾಗಲೆಲ್ಲ ಮಕ್ಕಳು ನಗುವ ಒಂದು ಸಂದರ್ಭವುಂಟು. ದುಷ್ಯಂತನ ಬೇಟೆಯ ಗೀಳಿನಿಂದ ಬೇಸತ್ತ ವಿದೂಷಕನು ಸಂದುಸಂದುಗಳೆಲ್ಲ ನೋಯುತ್ತಿವೆಯೆಂದು ಗೋಳಿಡುತ್ತ ಕೋಲೂರಿ ನಿಲ್ಲುತ್ತಾನೆ. ಅಷ್ಟರಲ್ಲಿ ಬಂದ ಸೇನಾಪತಿಯಾದರೋ, ಬೇಟೆಯಿಂದ ಬೊಜ್ಜು ಕರಗಿ ಮೈ ಹಗುರಾಗುವುದೆಂದು ಅರಸನ ಮುಂದೆ ಅದನ್ನು ಹೊಗಳುತ್ತಾನೆ. ಕಾಡು ಒಂದೇ, ಬಿಸಿಲು ಒಂದೇ, ಬೇಟೆಯೂ ಒಂದೇ. ಆದರೆ ಒಬ್ಬನಿಗೆ ಅದು ಔಷಧ, ಇನ್ನೊಬ್ಬನಿಗೆ ಬೇನೆ. ಈ ಭೇದಕ್ಕೆ ಕಾರಣವೇನು?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಶ್ರೀಶೈಲದ ದಾರಿಯಲ್ಲಿ. ಯುಗಾದಿಯ ಮುಂಚೆ ನಮ್ಮ ಭಾಗದಿಂದ ಸಾವಿರಾರು ಜನರು ಮಲ್ಲಯ್ಯನ ಕಂಬಿಯೊಡನೆ ಕಾಲ್ನಡಿಗೆಯಲ್ಲಿ ಹೊರಡುವುದು ವಾಚಕರಿಗೆ ತಿಳಿದ ಸಂಗತಿ. ನಾಲ್ಕು ವರ್ಷಗಳ ಹಿಂದೆ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ನಾನೂ ಗಲಗಲಿಯ ಗುಂಪಿನೊಡನೆ ಹೊರಟೆ. ಬಯಲುನಾಡಿನ ದಾರಿಯನ್ನು ಹೇಗೋ ಸಾಗಿಸಿದೆ. ನಲ್ಲಮಲೆಯ ಅಡವಿ ಹೊಕ್ಕು ಭೀಮನಕೊಳ್ಳದ ಇಳಿಜಾರಿಗೆ ಬಂದಾಗ ತೊಡೆಗಳು ಗಡಗಡನೆ ನಡುಗತೊಡಗಿದವು. ಏರುವಾಗ ಎದೆ ಹೊಡೆದುಕೊಂಡಿತು, ಇಳಿಯುವಾಗ ಮೊಣಕಾಲು ಮಾತು ಕೇಳಲಿಲ್ಲ. ಇಪ್ಪತ್ತೈದು ವರ್ಷ ಕುರ್ಚಿಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದಿದ ಕಾಲು ಅದು. ನನ್ನ ಮುಂದೆ ಎಪ್ಪತ್ತು ದಾಟಿದ ನಮ್ಮೂರ ಹಿರಿಯರೊಬ್ಬರು ಹೆಗಲಿಗೆ ಗಂಟು ಹಾಕಿಕೊಂಡು ಸಲೀಸಾಗಿ ಇಳಿಯುತ್ತಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅವರು ತಿರುಗಿ ನೋಡಿ, “ಮಾಸ್ತರ, ಕೈ ಕೊಡ್ರಿ” ಎಂದರು. ಕೊಟ್ಟೆ. ಶಿಷ್ಯರಿಗೆ ಕೈಹಿಡಿದು ಅಕ್ಷರ ತಿದ್ದಿಸಿದವನು ಅಂದು ಮಗುವಿನಂತೆ ಕೈಹಿಡಿಸಿಕೊಂಡು ಇಳಿದೆ.

ರಾತ್ರಿ ತಂಗಿದಲ್ಲಿ ನಾನು ಕೇಳಿದೆ: “ಕಾಕಾ, ಈ ಕಾಲು ನಿಮಗ ಎಲ್ಲಿಂದ ಬಂತ್ರಿ?”

“ಬ್ಯಾಟಿಯಿಂದ ಬಂತಪಾ” ಎಂದರು ಅವರು. “ಸಣ್ಣಾಂವ ಇದ್ದಾಗ ಹಿರ್‍ಯಾರ ಕೂಡ ಗುಡ್ಡಕ್ಕ ಹೊಕ್ಕಿದ್ವಿ. ಈಗ ಬ್ಯಾಟಿ ಬಿಟ್ಟು ಐವತ್ತ ವರ್ಷ ಆತು. ಸಾಮು ಮಾತ್ರ ಬಿಟ್ಟಿಲ್ಲ. ಬ್ಯಾಟಿ ವರ್ಷಕ್ಕ ಒಂದ ಸಲ, ಸಾಮು ದಿನಾ ಇರಬೇಕು.”

ಈ ಒಂದು ಮಾತಿನಲ್ಲಿ ಸೇನಾಪತಿಗೂ ವಿದೂಷಕನಿಗೂ ಇರುವ ಅಂತರವೆಲ್ಲ ಅಡಗಿದೆ.

ನಮ್ಮ ಸೀಮೆಗೆ ಬೇಟೆ ಹೊಸದಲ್ಲ. ಮುಧೋಳದ ಬೇಟೆನಾಯಿಯ ಹೆಸರನ್ನು ಕೇಳದವರಾರು? 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರಡಿಸಿತು. ಅದೇ ಮುಧೋಳದ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಂಗ್ಲರ ನಿಶ್ಶಸ್ತ್ರೀಕರಣದ ಕಾನೂನಿಗೆ ಮಣಿಯದೆ, ತಮ್ಮ ಆಯುಧಗಳನ್ನು ಒಪ್ಪಿಸಲಾರೆವೆಂದು ದಂಗೆಯೆದ್ದುದು ಇತಿಹಾಸ. ಆ ವರ್ಷದ ನವೆಂಬರದಲ್ಲಿ ಊರಿಗೆ ಬೆಂಕಿ ಬಿತ್ತು. ಡಿಸೆಂಬರದಲ್ಲಿ ಅನೇಕರು ಗಲ್ಲಿಗೇರಿದರು. ಆಯುಧವೆಂದರೆ ಅವರಿಗೆ ಅನ್ನವೂ ಹೌದು, ಮಾನವೂ ಹೌದು.

ಕಾಲ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಕಟ್ಟು ಹಾಕಿತು. 1991ರ ತಿದ್ದುಪಡಿಯ ತರುವಾಯ ಪರವಾನಗಿ ಪಡೆದು ಆಡುವ ಬೇಟೆಯೂ ನಿಂತಿತು. ಬೀಳಗಿ-ಮುಧೋಳಗಳ ನಡುವಣ ಯಡಹಳ್ಳಿಯ ಕುರುಚಲು ಗುಡ್ಡಗಳು ಇಂದು ಚಿಂಕಾರ ಜಿಂಕೆಗಳ ಅಭಯಧಾಮವಾಗಿವೆ. ಅದರ ವಿಸ್ತಾರ ಸುಮಾರು 96 ಚದರ ಕಿಲೋಮೀಟರು. ಇದು ಯೋಗ್ಯವೇ ಆಯಿತು. ಆದರೆ ಬೇಟೆಯನ್ನು ಬಿಟ್ಟಾಗ ಅದರೊಡನೆ ಬೇಟೆಗಾರನ ಮೈಕಟ್ಟನ್ನೂ ಬಿಟ್ಟುಕೊಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ.

ಇನ್ನು, ವಯಸ್ಸಾದಂತೆ ಗುಡ್ಡವೇಕೆ ಎತ್ತರವಾಗುತ್ತದೆ ಎಂಬುದನ್ನು ನೋಡೋಣ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಮಾಂಸಖಂಡ ಕರಗುತ್ತ ಹೋಗುತ್ತದೆ; ಅರವತ್ತರ ನಂತರ ಈ ಸವೆತ ಇನ್ನೂ ಚುರುಕಾಗುತ್ತದೆ. ದುಡಿಯುವಾಗ ದೇಹವು ಪ್ರಾಣವಾಯುವನ್ನು ಬಳಸಿಕೊಳ್ಳುವ ಶಕ್ತಿಯೂ, ಕುಳಿತೇ ಇರುವವರಲ್ಲಿ, ಹತ್ತು ವರ್ಷಕ್ಕೆ ನೂರಕ್ಕೆ ಹತ್ತರಷ್ಟು ತಗ್ಗುತ್ತದೆ. ಏರುವಾಗ ಏದುಸಿರು ಬರುವುದು ಈ ಕಾರಣದಿಂದ. ಇಳಿಯುವಾಗಿನ ತೊಂದರೆ ಬೇರೆ ಬಗೆಯದು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಜಾರುಬಂಡಿಯನ್ನು ಹಿಂದಿನಿಂದ ಹಗ್ಗ ಹಿಡಿದು ಇಳಿಸಿದಂತೆ ಅದು. ರೂಢಿಯಿಲ್ಲದ ಸ್ನಾಯುವಿಗೆ ಈ ಕೆಲಸ ಏರುವುದಕ್ಕಿಂತ ಹೆಚ್ಚು ಪೆಟ್ಟು ಕೊಡುತ್ತದೆ. ಮರುದಿನದ ನೋವು ಅದರ ಫಲ.

ವರ್ಷವಿಡೀ ಕುಳಿತು ಒಂದೇ ದಿನ ಗುಡ್ಡಕ್ಕೆ ನುಗ್ಗುವುದರಲ್ಲಿ ಅಪಾಯವೂ ಉಂಟು. ಅಮೇರಿಕದ ಮಿಶಿಗನ್ ಪ್ರಾಂತದಲ್ಲಿ ಜಿಂಕೆ ಬೇಟೆಗೆ ಹೋಗುವ 25 ಮಂದಿ ನಡುವಯಸ್ಸಿನ ಗಂಡಸರ ಎದೆಬಡಿತವನ್ನು ವೈದ್ಯರು ಯಂತ್ರ ಕಟ್ಟಿ ಅಳೆದರು. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಆಸ್ಪತ್ರೆಯ ಪರೀಕ್ಷೆಯಲ್ಲಿ ಕಂಡ ಅತ್ಯಧಿಕ ಬಡಿತವನ್ನೂ ಮೀರಿ ಹಲವರ ಎದೆ ಕಾಡಿನಲ್ಲಿ ಬಡಿಯಿತು. ಭೀಮನಕೊಳ್ಳದಲ್ಲಿ ನನ್ನ ಎದೆ ಹೊಡೆದುಕೊಂಡುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಇಳಿವಯಸ್ಸಿನಲ್ಲಿ ಬಲವನ್ನು ಗಳಿಸಬಹುದೆ? ಖಂಡಿತವಾಗಿ. 1990ರಲ್ಲಿ ಬೋಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಕೆಲವರಿಗೆ ಎಂಟು ವಾರ ಕಾಲಿನ ಭಾರಸಾಧನೆ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತಲೂ ಹೆಚ್ಚಾಯಿತು. ಆದರೆ ಸಾಧನೆ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲದ ಸುಮಾರು ಮೂರನೆಯ ಒಂದು ಪಾಲು ಇಳಿದುಹೋಯಿತು. ತೊಂಬತ್ತರಲ್ಲಿಯೂ ಬಲ ಬರುತ್ತದೆ, ಬಂದ ಬಲ ತಿಂಗಳೊಪ್ಪತ್ತಿನಲ್ಲಿ ಸೋರಿಯೂ ಹೋಗುತ್ತದೆ. ಕಾಕಾ ಹೇಳಿದ “ದಿನಾ” ಎಂಬ ಮಾತಿನ ಬೆಲೆ ಇಲ್ಲಿದೆ.

ಸಾಧನೆಯ ಕ್ರಮಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಬೇಟೆಯ ವಿನೋದವೂ ಉಂಟು, ಮಲ್ಲವಿನೋದವೂ ಉಂಟು. ಮಲ್ಲರ ಸಾಧನೆಗಳನ್ನು ಹೇಳುವಾಗ ಅವನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾಗಿ ವಿಂಗಡಿಸಿದ್ದಾನೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಆಡುವುದು ಎಂದು ಅರ್ಥ. ಮಲ್ಲಗಂಬವು ತರುಣರಿಗಿರಲಿ, ಮಿಕ್ಕ ಮೂರನ್ನು ನಮ್ಮ ವಯಸ್ಸಿಗೆ ಹೊಂದಿಸಿಕೊಳ್ಳಬಹುದು.

ಮೊದಲನೆಯದು ಭ್ರಮಣ. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಐದು ದಿನ ಅರ್ಧ ತಾಸಿನಂತೆ ನಡೆದರೆ ಕನಿಷ್ಠದ ಲೆಕ್ಕ ಮುಟ್ಟುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು. ನಡಿಗೆಯ ವೇಗಕ್ಕೆ ಇದೇ ಅಳತೆ. ವಾರಕ್ಕೆರಡು ದಿನ ಮೆಟ್ಟಿಲನ್ನೋ ದಿಬ್ಬವನ್ನೋ ಹತ್ತಿ, ಇಳಿಯುವಾಗ ಅವಸರಪಡದೆ ಒಂದೊಂದೇ ಹೆಜ್ಜೆಯನ್ನು ತಡೆದು ಇಡಬೇಕು. ಇಳಿಯುವುದನ್ನು ಇಳಿದೇ ಕಲಿಯಬೇಕು.

ಎರಡನೆಯದು ಭಾರ. ಗರಡಿಮನೆಯ ಬೈಠಕ್ಕನ್ನು ನಮ್ಮ ಹುಡುಗರು ನೂರಾರು ಹೊಡೆಯುತ್ತಾರೆ. ನಮಗೆ ಅದು ಬೇಡ. ಕುರ್ಚಿಯ ಮೇಲೆ ಕುಳಿತು, ಕೈಯೂರದೆ ಏಳುವುದು, ಮತ್ತೆ ನಿಧಾನವಾಗಿ ಕೂಡುವುದು: ಹತ್ತು ಸಲ. ಸ್ವಲ್ಪ ವಿಶ್ರಮಿಸಿ ಮತ್ತೆ ಹತ್ತು ಸಲ. ಗೋಡೆಗೆ ಕೈಕೊಟ್ಟು ಹಿಮ್ಮಡಿ ಎತ್ತಿ ನಿಲ್ಲುವುದು. ವಾರಕ್ಕೆ ಎರಡು ಮೂರು ದಿನ ಸಾಕು. ನಡುವೆ ಸ್ನಾಯುವಿಗೆ ಬಿಡುವು ಬೇಕು. ಬೆಳಗಿನ ವಾರ್ತೆಗಳು ಮುಗಿಯುವಷ್ಟರಲ್ಲಿ ಇವೆಲ್ಲ ಮುಗಿಯುತ್ತವೆ. ರೇಡಿಯೋ ಇರುವ ಮನೆಯಲ್ಲಿ ಗಡಿಯಾರ ನೋಡುವ ಕಾರಣವಿಲ್ಲ. ಒಂದು ತಿಂಗಳಾದ ಮೇಲೆ ಹೆಗಲಚೀಲದಲ್ಲಿ ಎರಡು ಕಿಲೋ ಜೋಳ ಹಾಕಿಕೊಂಡು ನಡೆಯಬಹುದು. ಮೈ ಒಗ್ಗಿದಂತೆ ಅದನ್ನು ಐದಕ್ಕೇರಿಸಬಹುದು.

ಮೂರನೆಯದು ಸಲಿಲ. ಈಜು ಬಲ್ಲವರಿಗೆ, ಮೊಣಕಾಲು ನೋಯುವವರಿಗೆ, ಇದಕ್ಕಿಂತ ಹಿತವಾದುದು ಇನ್ನೊಂದಿಲ್ಲ. ನೀರು ಮೈಭಾರವನ್ನು ತಾನೇ ಹೊರುತ್ತದೆ. ಆದರೆ ಹೊಳೆಯಲ್ಲಿ ಒಬ್ಬರೇ ಇಳಿಯಬಾರದು. ಮಳೆಗಾಲದ ಕೃಷ್ಣೆಯನ್ನಂತೂ ದಂಡೆಯಲ್ಲಿ ನಿಂತು ನಮಸ್ಕರಿಸುವುದೇ ಕ್ಷೇಮ.

ಇವುಗಳ ಜೊತೆಗೆ ಸಮತೋಲ. ಹಲ್ಲುಜ್ಜುವಾಗ ಗೋಡೆಯ ಬಳಿ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿದರೆ, ಕಲ್ಲುದಾರಿಯಲ್ಲಿ ಕಾಲು ತಪ್ಪುವುದು ಕಡಿಮೆಯಾಗುತ್ತದೆ. ಆಹಾರದ ವಿಷಯದಲ್ಲಿ ನಮ್ಮ ರೊಟ್ಟಿಗೆ ಕುಂದಿಲ್ಲ. ಆದರೆ ಸ್ನಾಯು ಕಟ್ಟಲು ಸಸಾರಜನಕ ಬೇಕು. ವಯಸ್ಸಾದವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೊಂದು ಗ್ರಾಮಿಗೆ ಕಡಿಮೆಯಾಗಬಾರದು. ಹಲ್ಲು ಸಾಲದೆಂದು ಬರೀ ಅನ್ನ-ಸಾರಿಗೆ ಇಳಿಯುವ ಹಿರಿಯರು, ಹೆಸರುಕಾಳು, ಮಡಕಿಕಾಳು, ಮೊಸರು, ಶೇಂಗಾ ಹಿಂಡಿಗಳನ್ನು ಬಿಡದಿರಲಿ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿ ನಡೆಯತಕ್ಕದ್ದು.

ಋತುಗಳಿಗೂ ಲೆಕ್ಕವಿದೆ. ಮಳೆಗಾಲದಲ್ಲಿ ಮನೆಯೊಳಗಿನ ಭಾರಸಾಧನೆ ನಿಲ್ಲದಿರಲಿ. ದಸರೆಯಿಂದ ನಡಿಗೆ ಬೆಳೆಯಲಿ. ಸಂಕ್ರಾಂತಿಯ ಹೊತ್ತಿಗೆ ವಾರಕ್ಕೊಂದು ಉದ್ದನೆಯ ನಡಿಗೆ, ಎರಡು ಮೂರು ತಾಸಿನದು, ಸೇರಲಿ. ಯಾತ್ರೆಗೆ ಒಂದು ವಾರ ಮುಂಚೆ ಶ್ರಮ ತಗ್ಗಿಸಿ ಮೈಗೆ ಬಿಡುವು ಕೊಡಲಿ. ಬೇಸಿಗೆಯಲ್ಲಿ ನಮ್ಮ ಬಿಸಿಲು ನಲವತ್ತು ಡಿಗ್ರಿಗೇರುವುದರಿಂದ, ಹೊತ್ತೇರುವ ಮುನ್ನವೇ ನಡಿಗೆ ಮುಗಿಸಿ ಮಜ್ಜಿಗೆ ಕುಡಿಯುವುದು ಲೇಸು.

ಒಂದು ಎಚ್ಚರಿಕೆ. ನಡೆಯುವಾಗ ಎದೆ ಬಿಗಿದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಒಡೆದರೆ, ವಾಯುವೆಂದು ಅಲಕ್ಷಿಸದೆ ಅಲ್ಲಿಯೇ ಕುಳಿತು ಸಹಾಯಕ್ಕೆ ಕೂಗಬೇಕು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ, ಸಕ್ಕರೆಕಾಯಿಲೆ ಇದ್ದವರು ಸಾಧನೆಗೆ ತೊಡಗುವ ಮುಂಚೆಯೇ ಪರೀಕ್ಷೆ ಮಾಡಿಸಿಕೊಳ್ಳಲಿ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ.

ಕಳೆದ ಯುಗಾದಿಗೆ ನಾನು ಮತ್ತೆ ಭೀಮನಕೊಳ್ಳವನ್ನು ಇಳಿದೆ. ತರುಣನಂತೆ ಇಳಿದೆನೆಂದು ಹೇಳಿದರೆ ಸುಳ್ಳಾದೀತು. ನಾಲ್ಕು ಕಡೆ ನಿಂತೆ, ಎರಡು ಕಡೆ ಕುಳಿತೆ. ಆದರೆ ತೊಡೆ ನಡುಗಲಿಲ್ಲ. ಕಾಕಾ ಈ ಸಲವೂ ಬಂದಿದ್ದರು. ವಯಸ್ಸು ಅವರನ್ನೂ ಸ್ವಲ್ಪ ಹಿಂದಕ್ಕೆಳೆದಿತ್ತು. ಕಡಿದಾದ ಒಂದು ತಿರುವಿನಲ್ಲಿ ಅವರು ನಿಂತರು. ನಾನು ಎರಡು ಹೆಜ್ಜೆ ಕೆಳಗಿದ್ದವನು ತಿರುಗಿ, “ಕಾಕಾ, ಕೈ ಕೊಡ್ರಿ” ಎಂದೆ. ಅವರು ನಕ್ಕು ಕೈ ಕೊಟ್ಟರು.

ದುಷ್ಯಂತನು ಕಡೆಗೆ ಬೇಟೆಯನ್ನು ನಿಲ್ಲಿಸಿದ, ಮೃಗಗಳು ನಿಶ್ಚಿಂತೆಯಿಂದಿರಲೆಂದು ಬಿಟ್ಟ. ನಾವೂ ನಿಲ್ಲಿಸಿದ್ದೇವೆ. ಬೇಟೆಗಾರನ ಕಾಲು ಮಾತ್ರ ನಮ್ಮಲ್ಲಿ ಉಳಿಯಲಿ. ಕೈ ಕೇಳುವ ದಿನ ಎಲ್ಲರಿಗೂ ಬರುವುದೇ. ಅದಕ್ಕೆ ಮುಂಚೆ ಕೈ ಕೊಡುವ ದಿನಗಳು ಹೆಚ್ಚಾಗಲಿ.